ಮುಚ್ಚಳದೊಳಗಿನ ಚಮಚ

ಅಯ್ಯೋ, ಮೂಗು ಮುಚ್ಕೊಳ್ಳಿ ಮೇಸ್ತ್ರಿ, ಮೂಗು! ಹೇಳಿದ್ನಲ್ಲ, ಬಾಗಿಲು ತೆಗೆಯೋ ಮೊದಲು ಉಸಿರು ಹಿಡ್ಕೊಳ್ಳಿ ಅಂತ? ಕೇಳಿದ್ರಾ? ಇಂಥ ಫ್ರಿಜ್ಜು ಎಷ್ಟು ನೋಡಿಲ್ಲ ಅನ್ನೋ ಹಾಗೆ ಸೀದಾ ತಲೆ ಒಳಗೆ ಹಾಕಿದ್ರಿ. ಈಗ ನೋಡಿ, ಕಣ್ಣಲ್ಲಿ ನೀರು. ಥೂ... ಥೂ, ಥೂ! ಮುಚ್ಚಿ, ಮುಚ್ಚಿಬಿಡಿ ಒಂದ್ನಿಮಿಷ. ಬನ್ನಿ ಈ ಕಡೆ, ಕಿಟಕಿ ಹತ್ರ ಗಾಳಿ ಇದೆ. ಕಾಫಿ ತಂದಿದೀನಿ, ಮೊದಲು ಅದನ್ನ ಕುಡೀರಿ. ಸುಡುತ್ತೆ, ಲೋಟದ ಅಂಚು ಹಿಡ್ಕೊಳ್ಳಿ.

ಹೇಗಿದೆ?... ಚೆನ್ನಾಗಿದೆ ಅಲ್ವಾ? ಸಾಕು, ತಲೆ ಆಡಿಸಿದ್ರಲ್ಲ, ಅಷ್ಟೇ ಸಾಕು ನನಗೆ. ನಿಮಗೆ ಮಾತು ಕಮ್ಮಿ ಅಂತ ಕಾಣುತ್ತೆ. ಇರಲಿ ಬಿಡಿ. ಮನೆಯವರ ಪಾಲಿನ ಮಾತನ್ನೆಲ್ಲ ಸೇರಿಸಿ ನಿನ್ನೊಬ್ಬಳ ಬಾಯಲ್ಲಿ ಇಟ್ಟಿದ್ದಾನೆ ದೇವರು ಅಂತ ನಮ್ಮಮ್ಮನೂ ಅನ್ನೋಳು.

ನೋಡಿ, ಮೊದಲೇ ಹೇಳಿಬಿಡ್ತೀನಿ. ಮಷೀನೇ ಕೆಟ್ಟಿರೋದು. ಗ್ಯಾಸ್ ಸೋರ್ತಿದೆಯೋ, ಮೋಟರ್ ಸುಟ್ಟಿದೆಯೋ, ಅದು ನಿಮಗೆ ಗೊತ್ತಿರೋ ವಿದ್ಯೆ. ಒಟ್ಟಿನಲ್ಲಿ ಈ ನಾತ ಮಷೀನಿಂದಲೇ. ಯಾಕೆ ಒತ್ತಿ ಒತ್ತಿ ಹೇಳ್ತಿದೀನಿ ಅಂದ್ರೆ, ಸಂಜೆ ಗುಜರಿಯವನು ಬರ್ತಾನೆ. ಅಣ್ಣ ಹೇಳಿ ಬಂದಿದ್ದಾನೆ. "ಇವತ್ತು ಸಂಜೆ ಆ ಪೀಡೆ ಮೆಟ್ಟಿಲು ಇಳೀಬೇಕು" ಅಂದ. ಅದೂ ಬಾಗಿಲ ಆಚೆಯಿಂದ! ಮುಖ ತೋರಿಸಿ ಹೇಳೋಕೂ ಆಗಲ್ಲ ದೊರೆಗೆ. ಮೇಲಿಂದ ಅಕ್ಕ ಹೂಂ ಅಂದಳು. ಅಮ್ಮನ ಫ್ರಿಜ್ಜು ಗುಜರಿಗೆ! ಅದಕ್ಕೇ ನಿಮ್ಮನ್ನ ಓಡೋಡಿ ಕರ್ಕೊಂಡು ಬಂದದ್ದು. ಅವನು ಬರೋದ್ರೊಳಗೆ ಸರಿ ಮಾಡಿಬಿಡಿ. ಆಮೇಲೆ ನಾನು ಇಬ್ಬರ ಬಾಗಿಲನ್ನೂ ತಟ್ಟಿ ಹೊರಗೆ ಕರೀತೀನಿ. ನೀವು ಒಂದೇ ಒಂದು ಮಾತು ಹೇಳಬೇಕು. "ದೋಷ ಮಷೀನಲ್ಲಿತ್ತು, ಈಗ ಸರಿಹೋಯ್ತು, ಇದರಲ್ಲಿ ಇಟ್ಟದ್ದನ್ನ ಯಾರು ಬೇಕಾದ್ರೂ ತಿನ್ನಬಹುದು." ಅಷ್ಟೇ. ನೀವು ಹೇಳಿದ್ರೆ ನಂಬ್ತಾರೆ. ನಾನು ಹೇಳಿದ್ರೆ... ನಾನು ಹೇಳಿದ್ರೆ ಯಾರು ಕೇಳ್ತಾರೆ, ಕಿರಿಯವಳ ಮಾತು.

ಏನು, ಸುತ್ತಲೂ ನೋಡ್ತಿದೀರಿ? ಫ್ರಿಜ್ಜನ್ನ ಮನೆ ಒಳಗೆ ಇಡದೆ ಮೆಟ್ಟಿಲ ತಿರುವಲ್ಲಿ ಯಾಕೆ ನಿಲ್ಲಿಸಿದಾರೆ ಅಂತ ತಾನೆ? ಎಲ್ಲರೂ ಕೇಳ್ತಾರೆ. ಈ ಎದುರು ಬಾಗಿಲು ಅಣ್ಣಂದು. ಮೇಲಿನ ಮಹಡಿ ಅಕ್ಕಂದು. ಈ ಒಂಟಿ ಕೋಣೆ ನಂದು. ಅಮ್ಮ ಹೋದ್ಮೇಲೆ ಹಳೇ ಮನೆ ಬಿಟ್ಟು ಮೂವರೂ ಒಂದೇ ಕಟ್ಟಡಕ್ಕೆ ಬಾಡಿಗೆಗೆ ಬಂದ್ವಿ. ಬೇರೆ ಬೇರೆ ಬಾಗಿಲಿದ್ರೂ ಒಂದೇ ಮೆಟ್ಟಿಲು ಅಂತ. ಬಂದ ದಿನ ಈ ಆನೆ ಯಾರ ಬಾಗಿಲಲ್ಲೂ ಹಿಡೀಲಿಲ್ಲ! ಅಣ್ಣ ಅಡ್ಡ ಹಿಡಿದ, ಅಕ್ಕ ಉದ್ದ ಹಿಡಿದಳು, ಬಾಗಿಲ ಚೌಕಟ್ಟು ಕಿತ್ತು ಬಂತೇ ಹೊರತು ಇದು ಒಳಗೆ ಹೋಗಲಿಲ್ಲ. ಮೂವರೂ ಇಲ್ಲೇ, ಈ ಮೆಟ್ಟಿಲ ಮೇಲೇ ಕುಸಿದು ಕೂತು ನಕ್ಕಿದ್ದೇ ನಕ್ಕಿದ್ದು. ಕೊನೆಗೆ ಅಕ್ಕನೇ ಅಂದಳು, ಇಲ್ಲೇ ಇರಲಿ, ಮೂರು ಬಾಗಿಲಿಗೂ ಸಮ ದೂರ ಅಂತ. ವೈರು ನನ್ನ ಕೋಣೆಯಿಂದ. ಮೂರು ಅಂತಸ್ತು, ಮೇಲಿಂದು ಅಣ್ಣಂಗೆ, ನಡುವಿಂದು ಅಕ್ಕಂಗೆ, ಕೆಳಗಿಂದು ನನಗೆ. ಯಾರು ಏನೇ ಬೇಯಿಸಿದ್ರೂ ಉಳಿದ ಇಬ್ಬರ ಪಾಲು ಅವರವರ ಅಂತಸ್ತಲ್ಲಿ ಇಡಬೇಕು. ಬಾಗಿಲು ತಟ್ಟಂಗಿಲ್ಲ, ಕೇಳಂಗಿಲ್ಲ, ತಗೋಬೇಕು, ತಿನ್ನಬೇಕು. ಅಮ್ಮನ ಕಾಲದ ಪದ್ಧತಿ ಅದು. ಹಸಿದವರು ಕೇಳಬಾರದು ಅನ್ನೋಳು.

ಪದ್ಧತಿ ಏನೋ ಚೆಂದ. ತಿನ್ನೋರು? ಛೀ! ಆ ಹೇಸಿಗೆ ಕಥೆ ಕೇಳಬೇಡಿ.

ಅಣ್ಣನ್ನೇ ತಗೊಳ್ಳಿ. ಕಾರು ಓಡಿಸೋದು ಕಲಿಸ್ತಾನೆ, ಊರಿಗೆಲ್ಲ ಶಿಸ್ತು ಹೇಳ್ತಾನೆ, ಕನ್ನಡಿ ನೋಡು, ಬೆಲ್ಟು ಹಾಕು. ಬೆಳಗ್ಗೆ ಎದ್ದು ಇಲ್ಲಿಗೆ ಬಂದ ಅಂದ್ರೆ, ಹಲ್ಲುಜ್ಜದ ಬಾಯಿ! ಬಾಟಲಿ ಎತ್ತಿದ, ತುಟಿ ಇಟ್ಟ, ಗಟಗಟ ಕುಡಿದ, ಮುಚ್ಚಿ ವಾಪಸ್ ಇಟ್ಟ. ಎಂಜಲು ಬಾಟಲಿ! ಆಮೇಲೆ ಅದನ್ನ ಬೆಳಕಿಗೆ ಹಿಡಿದು ನೋಡಿ ನೀವು. ಒಳಗೆ ರೊಟ್ಟಿ ಚೂರು ಈಜಾಡ್ತಿರುತ್ತೆ. ನಿಮ್ಮಾಣೆ! ತೇಲೋದಲ್ಲ, ಈಜಾಡೋದು. ಬಾಗಿಲು ತೆಗೆದಿಟ್ಕೊಂಡು ನಿಂತಲ್ಲೇ ತಿಂತಾನೆ. ಒಂದು ಕೈ ಡಬ್ಬಿಯೊಳಗೆ, ಇನ್ನೊಂದು ಕೈ ಎಲ್ಲೋ ಕೆರ್ಕೊಳ್ತಿರುತ್ತೆ. ಎಲ್ಲಿ ಅಂತ ಹೇಳಲ್ಲ. ಚಮಚ ನೆಕ್ಕಿದ, ಮತ್ತೆ ಅದೇ ಡಬ್ಬಿಗೆ ಅದ್ದಿದ, ಮತ್ತೆ ನೆಕ್ಕಿದ. ಭಾನುವಾರ ಅಂತೂ ಈ ಮೆಟ್ಟಿಲ ಮೇಲೇ ಕೂತು ಕಾಲಿನ ಉಗುರು ತೆಗೀತಾನೆ. ಟಣ್ ಅಂತ ಹಾರಿ ಒಂದು ಚೂರು ಎಲ್ಲಿ ಬಿತ್ತು ಗೊತ್ತಾ? ನನ್ನ ಹೆಪ್ಪಿಗಿಟ್ಟ ಹಾಲಿನಲ್ಲಿ!

ನಗ್ತೀರಾ? ನಗಿ, ನಗಿ. ನಿಮಗೇನು, ನೀವು ಆ ಮೊಸರು ತಿನ್ನಬೇಕಾಗಿರಲಿಲ್ಲ.

ಅಕ್ಕ ಅವನಿಗಿಂತ ಒಂದು ತೂಕ ಮೇಲೆ. ಬಟ್ಟೆ ಅಂಗಡೀಲಿ ಕೆಲಸ, ಹೊರಗೆ ನೋಡಿದ್ರೆ ಗಾಜಿನೊಳಗೆ ನಿಲ್ಲಿಸೋ ಗೊಂಬೆ. ಒಳಗೆ? ಮುಖಕ್ಕೆ ಮೊಸರು ಹಚ್ಕೊಳ್ತಾಳೆ, ಚರ್ಮ ಹೊಳೀಲಿ ಅಂತ. ಹಚ್ಕೊಳ್ಳಲಿ, ಬೇಡ ಅಂದವರ್ಯಾರು? ಮೊಡವೆ ಒತ್ತಿದ ಬೆರಳನ್ನೇ ಬಟ್ಟಲಿಗೆ ಅದ್ದೋದಾ? ಅದ್ದಿ, ಹಚ್ಚಿ, ಮತ್ತೆ ಅದ್ದಿ, ಮಿಕ್ಕಿದ್ದನ್ನ "ಇದು ಚೆನ್ನಾಗಿದೆ, ಊಟಕ್ಕೆ ಆಗುತ್ತೆ" ಅಂತ ನನ್ನ ಅಂತಸ್ತಿಗೆ ತಳ್ಳೋದಾ? ಇನ್ನು ಅವಳ ಕೂದಲು. ಬೆಣ್ಣೆಯಿಂದ ಒಂದು ಕೂದಲು ಎಳೀತಾ ಹೋದೆ ನೋಡಿ ಒಂದ್ಸಲ... ಎಳೀತಾ ಇದೀನಿ, ಎಳೀತಾ ಇದೀನಿ, ಮುಗೀತಾನೇ ಇಲ್ಲ! ಮೈ ಜುಂ ಅಂತು.

ನನಗೆ ಮನೇಲಿ ಮೂಗಮ್ಮ ಅಂತ ಹೆಸರು. ಚಿಕ್ಕಂದಿನಿಂದಲೂ. ಎಲ್ಲದಕ್ಕೂ ಮೂಗು ಮುರೀತೀನಿ ಅಂತ. ಮೂಗಿರೋದು ಯಾತಕ್ಕೆ ಮತ್ತೆ? ಮೂಗುತಿಗಾ? ನನ್ನ ಮೂಗಿಗೆ ಗೊತ್ತಾಗುತ್ತೆ, ನಾನೇನು ಮಾಡಲಿ. ಒಬ್ಬರು ಈ ಮೆಟ್ಟಿಲು ಇಳಿದು ಹೋದ್ಮೇಲೂ ಅವರು ಬೆಳಗ್ಗೆ ಏನು ತಿಂದರು ಅಂತ ಹೇಳಬಲ್ಲೆ.

ಹಾಂ? ಕೆಲಸವಾ? ನಂದಾ? ನಾನು... ಆಸ್ಪತ್ರೆ ಕಡೆ. ನರ್ಸ್ ಅಲ್ಲ, ಅಲ್ಲ. ಒಳಗಡೆ ಕೆಲಸ. ಹೆಸರು ಬರೆದು ಅಂಟಿಸೋದು, ನೋಡೋದು, ಬರೆಯೋದು. ಕೂತ್ಕೊಂಡು ಮಾಡೋ ಕೆಲಸವೇ. ಅದು ಬಿಡಿ ಈಗ. ಕೈ ನೋಡ್ತಿದೀರಾ? ಸೋಪಿಂದ ಹೀಗೆ ಬಿರುಕು ಬಿಟ್ಟಿದೆ. ಸ್ವಲ್ಪ ಜಾಸ್ತಿ ತೊಳೀತೀನಿ, ಅಷ್ಟೇ. ಚೊಕ್ಕಟ ಇರೋದು ತಪ್ಪಾ? ಆ ಕಾಫಿ ಮಾಡೋಕೆ ಮುಂಚೆ ಕೂಡ ಮೊಣಕೈ ತನಕ ತೊಳೆದಿದ್ದೆ.

ಆಯ್ತಾ ಅರ್ಧ ಕಾಫಿ? ಅಲ್ಲಿ ಕಿಟಕಿ ಕಟ್ಟೆ ಮೇಲಿಡಿ, ಕೆಲಸ ಮಾಡ್ತಾ ಮಿಕ್ಕಿದ್ದು ಕುಡೀರಂತೆ. ಹೂಂ, ತೆಗೀರಿ ಬಾಗಿಲು. ನಾನು ಸೆರಗು ಅಡ್ಡ ಹಿಡ್ಕೊಳ್ತೀನಿ.

ಅಯ್ಯಪ್ಪಾ!... ನಿಮ್ಮ ಮೂಗಿಗೆ ಸಾಷ್ಟಾಂಗ ನಮಸ್ಕಾರ, ಮೇಸ್ತ್ರಿ.

ಹಿಂದೆ ನೋಡಿ, ಹಿಂದೆ. ಮೋಟರ್ ಹಿಂದೆ ತಾನೆ ಇರೋದು? ಆ ನೆಲ ನೋಡಬೇಡಿ, ಆ ಕಲೆ ಹೋಗಲ್ಲ. ಅದಾ? ಅಣ್ಣ ಮಾಡಿದ ಘನಕಾರ್ಯ. ವಾಂತಿ. ಹೌದು, ಇಲ್ಲೇ, ಮೆಟ್ಟಿಲ ಮೇಲೇ. ಇಲ್ಲಿಂದ ಶುರುವಾಗಿ ಕೆಳಗಿನ ಮನೆಯವರ ಚಪ್ಪಲಿ ತನಕ ಹೋಯ್ತು. ತಿನ್ನೋವಾಗ ಕಣ್ಣು ಕಾಣಲ್ಲ ಅವನಿಗೆ, ಗಬಗಬ ಮುಕ್ಕಿದ್ರೆ ಇನ್ನೇನಾಗುತ್ತೆ? ತೊಳೆದವರು ಯಾರು ಹೇಳಿ? ನಾನೇ. ಈ ಮೂಗಮ್ಮನೇ. ಅಕ್ಕ ಮೇಲೆ ನಿಂತು ಬಾಯಿ ಮುಚ್ಕೊಂಡು ನೋಡ್ತಿದ್ದಳು, ಒಂದು ಚೊಂಬು ನೀರು ತಂದ್ಕೊಡಲಿಲ್ಲ.

ಏನು, ಆ ಐಸಿನ ಖಾನೆ ಬಾಗಿಲು ಬರ್ತಿಲ್ವಾ? ಜೋರಾಗಿ ಎಳೀರಿ. ಅಣ್ಣ ಒಂದೇ ಕೈಯಲ್ಲಿ ಎಳೀತಾನೆ. ನಿನ್ನೆ ಕೂಡ ಐಸು ತೆಗೆದು ಕಟಕಟ ಅಂತ ಕಡೀತಾ ನಿಂತಿದ್ದ, ಜೊಲ್ಲು ಸುರಿಸ್ಕೊಂಡು. ಎಳೀರಿ... ಬರಲ್ವಾ? ಸ್ಕ್ರೂಡ್ರೈವರ್ ಯಾಕೆ? ಏನು ತೋರಿಸ್ತಿದೀರಿ... ಹೂಂ, ಐಸು. ಐಸಿನ ಖಾನೇಲಿ ಐಸಿರದೆ ಬೆಂಕಿ ಇರುತ್ತಾ?

ಹೂಂ, ದಪ್ಪ ಇದೆ. ಬಾಗಿಲ ಮೇಲೆಲ್ಲ ಬೆಳ್ಕೊಂಡಿದೆ. ಹಿಡಿಕೆ ಕೂಡ ಕಾಣಲ್ಲ.

ಇಲ್ಲ, ನಿನ್ನೆ ಅಂದ್ರೆ... ನಿನ್ನೆ ಅಂತ ಅಂದ್ನಾ? ಹಾಗೆ ಒಂದು ಮಾತಿಗೆ ಅಂದೆ. ಮೊನ್ನೆ ಇರಬಹುದು. ಆಚೆ ಮೊನ್ನೆ. ನೀವೇನು ಪೊಲೀಸರಾ ಮೇಸ್ತ್ರಿ, ಹಾಗೆ ನೋಡ್ತೀರಿ? ಐಸು ಬೇಗ ಬೆಳೆಯುತ್ತೆ. ಮಷೀನು ಕೆಟ್ಟಿದೆ ಅಂತ ಅದಕ್ಕೇ ಹೇಳಿದ್ದು! ತಣ್ಣಗಾಗೋದು ಜಾಸ್ತಿ ಆಗಿಬಿಟ್ಟಿದೆ.

ಏನು, ಕೈ ಇಡಬೇಕಾ? ಹಿಂದೆ, ಇಲ್ಲಿಯಾ? ಇಟ್ಟೆ. ಬೆಚ್ಚಗಿದೆ. ನೋಡಿದ್ರಾ, ಬೆಚ್ಚಗಿದೆ! ಫ್ರಿಜ್ಜು ಬೆಚ್ಚಗಿದ್ರೆ ಕೆಟ್ಟಿದೆ ಅಂತ ತಾನೆ?... ಯಾಕೆ ತಲೆ ಅಡ್ಡ ಆಡಿಸ್ತೀರಿ? ಹಿಂದೆ ಬೆಚ್ಚಗಿದ್ರೆ ಒಳ್ಳೇದಾ? ಒಳಗಿನ ಬಿಸಿ ಹೊರಗೆ ಹಾಕ್ತಿದೆ ಅಂತಾ? ಹೌದಾ. ಮತ್ತೆ ಗ್ಯಾಸು? ಸರಿ ಇದೆಯಾ. ಆ ಬಾಗಿಲ ರಬ್ಬರು? ಅದೂ ಸರಿ.

ಸರಿ ಇದೆ, ಸರಿ ಇದೆ, ಸರಿ ಇದೆ! ಎಲ್ಲ ಸರಿ ಇದ್ರೆ ನಾತ ಎಲ್ಲಿಂದ ಬಂತು? ಆಕಾಶದಿಂದ ಉದುರಿತಾ?

ಆ ಡಬ್ಬಿ ಮುಟ್ಟಬೇಡಿ. ಬೇಡ ಅಂದೆ. ಅದು ಅಣ್ಣನ ಅಂತಸ್ತು, ಅವನ ಡಬ್ಬಿ, ಅವನು ತಿಂದು ಬಿಟ್ಟದ್ದು. ನಾಯಿ ಬಾಲ ಡೊಂಕು, ಎಷ್ಟು ಹೇಳಿದ್ರೂ ಅರ್ಧ ತಿಂದು ಹಾಗೇ ಇಡ್ತಾನೆ... ಮೇಸ್ತ್ರಿ, ತೆಗೀಬೇಡಿ. ಹೊಟ್ಟೇಲಿದ್ದದ್ದೆಲ್ಲ ಬಾಯಿಗೆ ಬರುತ್ತೆ.

ತೆಗೆದ್ರಾ.

ಹೂಂ. ತುಂಬಿದೆ.

ಎಲೆಕೋಸು ಅದು. ಈಗ ಹೀಗಿದೆ, ಬೂಷ್ಟು ಹಿಡಿದು. ಇಟ್ಟಾಗ ಹಸಿರಾಗಿತ್ತು. ಎಳೇದು ಹುಡುಕಿ ತಂದಿದ್ದೆ, ಅಣ್ಣಂಗೆ ದಂಟು ಆಗಲ್ಲ ಅಂತ ಎಲೆ ಮಾತ್ರ ಹೆಚ್ಚಿ... ಆ ಇನ್ನೊಂದು? ಅದು ಅಕ್ಕಂದು. ಬೀನ್ಸು. ಅದೂ ತುಂಬಿದೆ, ಗೊತ್ತು. ಅದರ ಹಿಂದಿನದೂ ತುಂಬಿದೆ. ಎಲ್ಲ ತುಂಬಿದೆ, ಆಯ್ತಾ? ಅಂಚಿನ ತನಕ! ಒಂದು ಚಮಚ ಕೂಡ ಇಳಿದಿಲ್ಲ ಅದರೊಳಗೆ. ಎಲ್ಲದರ ಮುಚ್ಚಳ ತೆಗೆದು ನನ್ನ ಮಾನ ಹರಾಜು ಹಾಕ್ತೀರಾ?

ನಾನೇ. ಹೌದು, ನಾನೇ ಬೇಯಿಸಿ ಇಡೋದು. ಅವರ ಪಾಲು ಅವರಿಗೆ. ಅವರು ತಗೊಳ್ಳಲ್ಲ. ಸ್ವಲ್ಪ ದಿನದಿಂದ. ಸ್ವಲ್ಪ ದಿನ ಅಂದ್ರೆ... ಐಸು ನೋಡಿದ್ರಲ್ಲ, ಅಷ್ಟು ದಿನ. ಅಣ್ಣನ ಮನೇಲಿ ಪುಟ್ಟ ಫ್ರಿಜ್ಜು ಬಂದಿದೆ, ಬಾಗಿಲ ಸಂದಿಯಿಂದ ಅದರ ಗುರ್ ಅನ್ನೋದು ಕೇಳಿಸುತ್ತೆ. ಅಕ್ಕ ಹೊರಗೆ ತಿಂದು ಬರ್ತಾಳೆ. ನನ್ನ ಕೋಣೆ ದಾಟೋವಾಗ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಹೋಗ್ತಾಳೆ, ಸದ್ದಾಗಬಾರದು ಅಂತ. ನನಗೆ ಕೇಳಿಸಲ್ಲ ಅಂದ್ಕೊಂಡಿದ್ದಾಳೆ. ಕೇಳಿಸಲ್ಲ ಸರಿ, ವಾಸನೆ? ಅವಳ ಪೌಡರು ಬಾಗಿಲ ಹೊರಗೆ ನಿಂತು ಮುಂದಕ್ಕೆ ಹೋಗೋದು ನನಗೆ ಒಳಗೆ ಗೊತ್ತಾಗುತ್ತೆ.

ಎಸೀಬಹುದಿತ್ತು, ನಿಜ. ಎಸೆದ್ರೆ ಅವರು ತಿಂದಿಲ್ಲ ಅಂತ ಆಗುತ್ತಲ್ಲ ಮೇಸ್ತ್ರಿ. ಅಲ್ಲೇ ಇದ್ರೆ ಇನ್ನೂ ತಿನ್ನಬಹುದು ಅಂತ... ಥೂ, ಏನು ಮಾತಾಡ್ತಿದೀನಿ, ಈ ಬೂಷ್ಟನ್ನ ಯಾರು ತಿಂತಾರೆ. ಅದಕ್ಕೇ ನೀವು ಹೇಳಬೇಕು. ಸುಳ್ಳೇ ಆಗಲಿ. ಮೋಟರ್ ಹೋಗಿತ್ತು ಅಂತ. ನಾನು ಇವತ್ತೇ ಎಲ್ಲ ಎಸೆದು, ಬಿಸಿನೀರು ಹಾಕಿ ತಿಕ್ಕಿ, ಹೊಸದಾಗಿ ಬೇಯಿಸಿ ಇಡ್ತೀನಿ. ಅವರಿಗೆ ಒಂದು ನೆಪ ಬೇಕು. ಅವರಿಗೂ ಬರಬೇಕು ಅಂತ ಇರುತ್ತೆ, ಹೇಗೆ ಬರೋದು ಅಂತ ಗೊತ್ತಾಗ್ತಿಲ್ಲ, ಅಷ್ಟೇ. ಒಡಹುಟ್ಟಿದವರು ತಾನೆ? ನೀರಿಗೆ ದೊಣ್ಣೆಲಿ ಹೊಡೆದ್ರೆ ನೀರು ಎರಡಾಗುತ್ತಾ?

ಯಾಕೆ ಜಗಳ ಅಂತಾ? ಜಗಳ ಏನಿಲ್ಲ. ಜಗಳ ಆಡಿದ್ರೆ ಎಷ್ಟೋ ಚೆನ್ನಾಗಿರೋದು. ಸೊಕ್ಕು ಅವರಿಗೆ. ಕಿರಿಯವಳು ಚೊಕ್ಕಟದ ಪಾಠ ಹೇಳಿದಳು ಅಂತ ಸಿಟ್ಟು. ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೊಳ್ಳಲಿ, ನಾನೇನೂ ಕುಂಬಳಕಾಯಿ ಕದ್ದಿಲ್ಲ! ನಾನು ಮಾಡಿದ್ದು ಒಂದೇ, ಎಂಜಲು ಬೇಡ ಅಂದದ್ದು. ಅದೂ ಬಾಯಲ್ಲಿ ಹೇಳಿದ್ದಲ್ಲ. ಜಾಣತನದಿಂದ ಒಂದು ಏರ್ಪಾಡು ಮಾಡಿದೆ.

ಅಂಜೂರದ ಜಾಮು ಮಾಡೋಳು ನಮ್ಮಮ್ಮ. ಕಂದು ಬಣ್ಣ, ಮಧ್ಯೆ ಮಧ್ಯೆ ಬೀಜ. ದೊಡ್ಡ ಗಾಜಿನ ಭರಣಿ, ಅದಕ್ಕೊಂದೇ ಚಮಚ. ಆ ಒಂದು ಚಮಚದಲ್ಲೇ ಅಣ್ಣನ ಬಾಯಿಗೆ, ಅಕ್ಕನ ಬಾಯಿಗೆ, ನನ್ನ ಬಾಯಿಗೆ. ಸಾಲಾಗಿ ಬಾಯಿ ತೆರ್ಕೊಂಡು ಕೂರ್ತಿದ್ವಿ. ಆಗ ಅಸಹ್ಯ ಅನಿಸ್ತಿರಲಿಲ್ಲ, ವಿಚಿತ್ರ ನೋಡಿ. ಈ ಸಲ ನಾನು ಮಾಡಿದೆ, ಅಮ್ಮ ಹೋದ್ಮೇಲೆ ಮೊದಲನೇ ಸಲ. ಅದೇ ಭರಣಿಗೆ ತುಂಬೋಣ ಅಂದ್ಕೊಂಡೆ. ಅಣ್ಣನ ನಾಲಿಗೆ ನೆನಪಾಯ್ತು. ಅಕ್ಕನ ಬೆರಳು ನೆನಪಾಯ್ತು. ಬೇಡಪ್ಪ. ಒಬ್ಬೊಬ್ಬರಿಗೂ ಬೇರೆ ಬೇರೆ ಪುಟ್ಟ ಪುಟ್ಟ ಡಬ್ಬಿ ಮಾಡಿದೆ. ತಿರುಗಿಸೋ ಮುಚ್ಚಳ, ತಲೆಕೆಳಗೆ ಹಿಡಿದ್ರೂ ಒಂದು ಹನಿ ಸೋರಲ್ಲ. ಮುಚ್ಚಳಕ್ಕೇ ಒಂದು ಚಮಚ ಅಂಟ್ಕೊಂಡಿದೆ ಒಳಗಡೆ! ತೆಗೆದ್ರೆ ಚಮಚ ಜೊತೆಗೇ ಬರುತ್ತೆ. ನಿನ್ನ ಚಮಚ ನೀನು ನೆಕ್ಕು, ನನ್ನದು ನಾನು. ಇದಕ್ಕಿಂತ ಚೊಕ್ಕಟ ಇನ್ನೇನಿದೆ ಹೇಳಿ? ಅಲ್ಲೇ ಇದೆ, ಆ ಎಲೆಕೋಸಿನ ಹಿಂದೆ. ಹೂಂ, ಅದೇ ಸಾಲು. ಒಂದು ತಗೊಂಡು ನೋಡಿ. ಜಾಮು ಕೆಟ್ಟಿಲ್ಲ, ಸಕ್ಕರೆ ಧಾರಾಳ ಹಾಕಿದೀನಿ. ನೀವೂ ರುಚಿ ನೋಡಬಹುದು, ಬೇಕಾದ್ರೆ ಮನೆಗೂ...

ಯಾಕೆ?

ಯಾಕೆ ಅದನ್ನ ಹಾಗೆ ತಿರುಗಿಸಿ ತಿರುಗಿಸಿ ನೋಡ್ತಿದೀರಿ? ಮುಚ್ಚಳ ನೀಲಿ. ಹೂಂ. ಒಳಗಿನ ಚಮಚ... ಹೂಂ.

ಗೊತ್ತಾಯ್ತಾ.

ಗೊತ್ತಾಗದೆ ಏನು. ಜ್ವರವೋ ಹೊಟ್ಟೆನೋವೋ ಬಂದು ಒಂದ್ಸಲ ಡಾಕ್ಟರ ಹತ್ರ ಹೋದವರಿಗೆಲ್ಲ ಗೊತ್ತು. ಚೀಟಿ ಬರೀತಾರೆ, ಕೆಳಗೆ ಲ್ಯಾಬಿಗೆ ಹೋಗಿ ಅಂತಾರೆ, ಅಲ್ಲಿ ಕಿಟಕಿಯಲ್ಲಿ ಒಬ್ಬಳು ಡಬ್ಬಿ ಕೊಟ್ಟು ನಾಳೆ ಬೆಳಗ್ಗೆ ಮಲ ಇದರಲ್ಲಿ ಹಾಕ್ಕೊಂಡು ಬನ್ನಿ ಅಂತಾಳೆ. ಆ ಒಬ್ಬಳು ನಾನೇ. ಡಬ್ಬಿ ಕೊಡೋದು, ತಗೊಳ್ಳೋದು, ಹೆಸರು ಅಂಟಿಸೋದು, ಆ ಚಮಚದಿಂದಲೇ ಚೂರು ತೆಗೆದು ಗಾಜಿನ ಮೇಲೆ ಹಚ್ಚಿ ನೋಡೋದು. ಕೂತ್ಕೊಂಡು ಮಾಡೋ ಕೆಲಸ ಅಂದ್ನಲ್ಲ.

ಆದ್ರೆ ಅದು ಹೊಸದು! ಹೊಸದು ಮೇಸ್ತ್ರಿ! ಕೆಳಗೆ ಇಡಬೇಡಿ ಹಾಗೆ, ಹಾವು ಮುಟ್ಟಿದ ಹಾಗೆ! ಯಾರೂ ಮುಟ್ಟದ ಮಾಲು ಅದು. ನಮ್ಮಲ್ಲಿ ಬಿಳಿ ಮುಚ್ಚಳದ್ದೇ ಆಗಬೇಕು. ಕಂಪನಿಯವರು ತಪ್ಪಾಗಿ ನೀಲಿ ಮುಚ್ಚಳದ್ದು ಕಳಿಸಿದ್ರು, ದೊಡ್ಡವರು ಎಸೆದುಬಿಡಿ ಅಂದ್ರು. ಒಂದೊಂದೂ ಬೇರೆ ಬೇರೆ ಕವರಿನಲ್ಲಿ, ಸೀಲು ಒಡೆಯದೆ ಇತ್ತು. ಅಂಥ ಚೊಕ್ಕ ಡಬ್ಬಿ ಎಸೆಯೋಕೆ ಮನಸ್ಸು ಬರುತ್ತಾ? ಈ ಕಟ್ಟಡದ ಯಾವ ಅಡುಗೆಮನೆಯ ಪಾತ್ರೆಗಿಂತಲೂ ಅದು ಚೊಕ್ಕಟ! ಅಣ್ಣನ ಬಾಟಲಿಗಿಂತ, ಅಕ್ಕನ ಬಟ್ಟಲಿಗಿಂತ! ಬೇಕಾದ್ರೆ ಹಾಕ್ಕೊಂಡು ನೋಡೋಣ ಸೂಕ್ಷ್ಮದರ್ಶಕದ ಕೆಳಗೆ, ನಾನು ತೋರಿಸ್ತೀನಿ ಯಾವುದರಲ್ಲಿ ಏನು ಹುಳ ಇದೆ ಅಂತ.

ಅವನು ಇಷ್ಟಪಟ್ಟು ತಿಂದ ಗೊತ್ತಾ? ಇಲ್ಲೇ ನಿಂತು. ಕಣ್ಣು ಮುಚ್ಚಿ, "ಮೂಗಮ್ಮಾ, ಅಮ್ಮನ ಕೈ ಬಂದುಬಿಟ್ಟಿದೆ ಕಣೇ ನಿನಗೆ" ಅಂದ. ಅಂದ, ಮೇಸ್ತ್ರಿ. ಆ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಚಮಚ ನೆಕ್ಕಿ ನೆಕ್ಕಿ ತಳ ಕೆರೆದ. ಆಗ ಮೇಲಿಂದ ಅಕ್ಕ ಇಳಿದು ಬಂದಳು. ಅವಳಿಗೆ ಹಿಂದಿನ ವಾರವೇ ಹೊಟ್ಟೆ ಕೆಟ್ಟಿತ್ತು, ಪರೀಕ್ಷೆಗೆ ಅಂತ ನಾನೇ ಇಂಥದ್ದೇ ಡಬ್ಬಿ ಕೊಟ್ಟಿದ್ದೆ. ಅವನ ಕೈ ನೋಡಿದಳು, ನನ್ನ ಮುಖ ನೋಡಿದಳು. ಬಾಯಿ ಮುಚ್ಕೊಂಡಳು, ಅಷ್ಟೇ. ಅಣ್ಣ ಅವಳನ್ನ ನೋಡಿದ, ಆಮೇಲೆ ಕೈಯಲ್ಲಿದ್ದದ್ದನ್ನ ನೋಡಿದ... ಕಲೆ ನೀವೇ ನೋಡಿದ್ರಲ್ಲ.

ನಾನು ಹೇಳಿದೆ, ಹೊಸದು, ಹೊಸದು ಅಂತ ಕಿರುಚಿದೆ. ಅವನು ಬಗ್ಗಿದ್ದವನು ತಲೆ ಎತ್ತಿ ನನ್ನ ಕೈ ಕಡೆ ನೋಡಿದ. ಡಬ್ಬಿ ಕಡೆ ಅಲ್ಲ. ಕೈ ಕಡೆ. ನಾನು ಬೆನ್ನು ಸವರೋಕೆ ಹೋದ್ರೆ ಸರಿದ. ಆ ಮೊದಲೂ ಅವರಿಗೆ ಗೊತ್ತಿತ್ತಲ್ವಾ ನನ್ನ ಕೆಲಸ? ಗೊತ್ತಿತ್ತು. ಆದ್ರೆ ಯೋಚನೆ ಮಾಡಿರಲಿಲ್ಲ. ಆ ಡಬ್ಬಿ ಅದನ್ನ ಅವರ ಮುಂದೆ ಇಟ್ಟುಬಿಡ್ತು. ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ನನ್ನ ಕೈ ಏನೇನಾಗುತ್ತೆ ಅಂತ ನನಗೆ ಗೊತ್ತು, ಮೇಸ್ತ್ರಿ, ಮೊಸರು ಮಾತ್ರ ಯಾರೂ ತಿನ್ನಲ್ಲ. ಎಂಜಲು, ಉಗುರು, ಕೂದಲು ಅಂತ ನಾನು ಇಷ್ಟು ಹೊತ್ತು ಬಡ್ಕೊಂಡ್ನಲ್ಲ, ಅದೆಲ್ಲ ಹಳೇದು. ಇಷ್ಟು ದಿನದಿಂದ ಈ ಫ್ರಿಜ್ಜಲ್ಲಿ ಒಂದು ಎಂಜಲು ಇಲ್ಲ. ಒಂದು ಕೂದಲಿಲ್ಲ. ನಾನೇ ಹುಡುಕಿದೀನಿ.

ಕೆಳಗೆ ಗಾಡಿ ನಿಂತ ಸದ್ದಾಯ್ತಾ? ಗುಜರಿಯವನು ಇರಬೇಕು. ಬೇಗನೇ ಬಂದ, ಹಾಳಾದವನು. ನೋಡಿ, ಈಗ ಅಣ್ಣನೂ ಬಾಗಿಲು ತೆಗೀತಾನೆ. ಹೇಳ್ತೀರಾ ಮೇಸ್ತ್ರಿ? ಒಂದೇ ಮಾತು. ಮಷೀನಲ್ಲಿ ದೋಷ ಇತ್ತು. ನಿಮಗೇನು ಹೋಗುತ್ತೆ ಹೇಳಿದ್ರೆ? ಸರಿಯಾಗಿ ಕೆಲಸ ಮಾಡ್ತಿರೋ ಮಷೀನಿನ ಮೇಲೆ ಒಂದು ಸುಳ್ಳು ಹಾಕಿದ್ರೆ ಅದಕ್ಕೇನು ನೋವಾಗುತ್ತಾ?

ಮಾತಾಡಿ.

ಆಯ್ತು, ಆಮೇಲೆ ಮಾತಾಡಿ, ಮೊದಲು ಕಾಫಿ ಮುಗಿಸಿ. ಆರಿಹೋಗಿದೆ, ಆದ್ರೂ ಪರವಾಗಿಲ್ಲ, ಒಂದು ಗುಟುಕಲ್ವಾ. ತಗೊಳ್ಳಿ. ಆಗ ಅರ್ಧ ಲೋಟ ಕುಡಿದ್ರಲ್ಲ, ಚೆನ್ನಾಗಿದೆ ಅಂತ ತಲೆ ಆಡಿಸಿದ್ರಲ್ಲ. ಅದೇ ಲೋಟ. ಅದೇ ಕಾಫಿ. ತಗೊಳ್ಳಿ ಮೇಸ್ತ್ರಿ, ನಾನು ಕೈ ಚಾಚ್ಕೊಂಡು ನಿಂತಿದೀನಿ.

...ಪ್ಯಾಂಟಿಗೆ ಕೈ ಒರೆಸ್ಕೊಳ್ತಿದೀರಿ.

ಇಲ್ಲ, ಇಲ್ಲ, ಬೈಕೋತಿಲ್ಲ. ನೀವು ಏನೂ ಅಂದಿಲ್ಲ. ಅಕ್ಕನೂ ಏನೂ ಅಂದಿರಲಿಲ್ಲ. ಸಾಕು, ಲೋಟ ಇಲ್ಲೇ ಇರಲಿ, ನಾನೇ ತೊಳೀತೀನಿ. ಫ್ರಿಜ್ಜಿನ ಪ್ಲಗ್ಗು ನನ್ನ ಕೋಣೆ ಒಳಗಿದೆ... ನೀವು ಬರಬೇಡಿ, ನೀವು ಏನೂ ಮುಟ್ಟಬೇಡಿ. ನಾನೇ ಕೀಳ್ತೀನಿ.